ದಾಸವಾಳದ ಗಿಡವೂ ಇರುವೆಗಳ ಸಾಲೂ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ ದಿನಕ್ಕೆ ಏಳೆಂಟು ಹೂ ಕೊಡುತ್ತಿದ್ದ ಕೆಂಪು ದಾಸವಾಳವು ಈ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮೊಗ್ಗುಗಳನ್ನು ಅರಳಿಸದೆ ಉದುರಿಸತೊಡಗಿತು. ನೀರು ಸಾಲದೆಂದು ಭಾವಿಸಿ ವಾರವಿಡೀ ಎರಡು ಹೊತ್ತೂ ನೀರೆರೆದೆ. ಅದು ನನ್ನ ದಡ್ಡತನವೇ ಸರಿ. ಎಲೆ ತಿರುವಿ ನೋಡಿದಾಗ ಹತ್ತಿಯ ಚೂರುಗಳಂತೆ ಅಂಟಿಕೊಂಡಿದ್ದ ಬಿಳಿಯ ಹಿಟ್ಟುತಿಗಣೆಗಳೂ, ಕಾಂಡದುದ್ದಕ್ಕೂ ಓಡಾಡುತ್ತಿದ್ದ ಕಪ್ಪಿರುವೆಗಳ ಸಾಲೂ ಕಾಣಿಸಿದವು. ಈ ತಿಗಣೆಗಳು ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಸ್ರವಿಸುತ್ತವೆ. ಅದರ ಆಸೆಗೆ ಇರುವೆಗಳು ಅವುಗಳನ್ನು, ನಾವು ಹಸು ಸಾಕಿದಂತೆ, ಶತ್ರುಕೀಟಗಳಿಂದ ಕಾಯುತ್ತವೆ. ತಿಗಣೆಗಳ ಮೈಮೇಲೆ ಮೇಣದ ಪುಡಿ ಇರುವುದರಿಂದ ಬರಿಯ ನೀರು ಅವುಗಳಿಗೆ ತಾಗುವುದಿಲ್ಲ. ಆದ್ದರಿಂದ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನೂ, ಎಣ್ಣೆಯು ನೀರಿನೊಡನೆ ಬೆರೆಯಲೆಂದು ಕೆಲವು ಹನಿ ಸೋಪಿನ ದ್ರಾವಣವನ್ನೂ ಸೇರಿಸಿ, ಬಿಸಿಲು ಇಳಿದ ಮೇಲೆ ಎಲೆಗಳ ಅಡಿಭಾಗಕ್ಕೆ ವಾರಕ್ಕೊಮ್ಮೆಯಂತೆ ಮೂರು ಬಾರಿ ಸಿಂಪಡಿಸಿದೆ. ತೀರಾ ಮುತ್ತಿಕೊಂಡಿದ್ದ ರೆಂಬೆಗಳನ್ನು ಕತ್ತರಿಸುವಾಗ ಅಮ್ಮ, "ಹೂ ಬಿಡೋ ಗಿಡಕ್ಕೆ ಕತ್ತರಿ ಹಾಕ್ತೀಯಲ್ಲೋ" ಎಂದು ಗೊಣಗಿದರು. ನಿನ್ನೆ ಬೆಳಿಗ್ಗೆ ಎರಡು ಹೂ ಅರಳಿದ್ದವು. ಎರಡನ್ನೂ ಅವರೇ ಕಿತ್ತು ದೇವರ ಮನೆಗೆ ಒಯ್ದರು.