ಸರಗೂರಿನ ಪಟ್ಟೆಕಲ್ಲಿನಲ್ಲಿ ಹಳೇ ಕಡಲನ್ನು ಓದುವ ಬಗೆ

ಮೈಸೂರು ಜಿಲ್ಲೆಯ ಸರಗೂರು, ಎಚ್.ಡಿ. ಕೋಟೆ ಸುತ್ತಮುತ್ತ 300 ಕೋಟಿ ವರ್ಷಕ್ಕೂ ಹಳೆಯ ಕಡಲ ತಳದ ಕಲ್ಲುಗಳಿವೆ. ಅವುಗಳಲ್ಲಿ ಕಬ್ಬಿಣದ ಪಟ್ಟೆಶಿಲೆಯೂ ಒಂದು: ಒಂದು ಪಟ್ಟೆ ಬಿಳಿ ಬೆಣಚು, ಮೇಲಿನದು ಸೂಜಿಗಲ್ಲಿಗೆ ಅಂಟುವ ಕಪ್ಪು ಮ್ಯಾಗ್ನಟೈಟ್. ಇವು ನೆಲದಾಳದಲ್ಲಿ ಬೆಂದು, ಮಡಿಚಿಕೊಂಡು ಮೇಲೆ ಬಂದ ಕಲ್ಲುಗಳು. ಕಡಲಲ್ಲಿ ಕೂತ ನುಣುಪು ಕೆಸರಿನ ಕಣಗಳು ಈಗ ದಪ್ಪ ಹರಳುಗಳಾಗಿವೆ. ಆಳವಿಲ್ಲದ ನೀರನ್ನು ತೋರಿಸುವ ಅಲೆಯ ಗುರುತು, ಓರೆಪದರ (ಓರೆಯಾಗಿ ಕೂತ ಕೆಸರಿನ ಪದರ) ಕಾಣಲಿಲ್ಲ ಅಂತ ಅದನ್ನು ಆಳದ ನೀರು ಅನ್ನುವ ಹಾಗಿಲ್ಲ, ಗುರುತು ಅಳಿಸಿಹೋಗಿರಲೂಬಹುದು. ಪಟ್ಟೆಯ ದಪ್ಪವನ್ನೂ ನಂಬಬೇಡಿ. ಒಂದೇ ಪಟ್ಟೆ ಮಡಿಕೆಯ ತಿರುವಿನಲ್ಲಿ ದಪ್ಪಗಿದ್ದು, ಪಕ್ಕೆಗೆ ಬರುವಷ್ಟರಲ್ಲಿ ತೆಳ್ಳಗಾಗಿರುತ್ತದೆ.

ಹಾಗಾಗಿ ಉಳಿಯುವ ಸಾಕ್ಷಿ ರಸಾಯನ, ಅದರಲ್ಲೂ ರೇರ್ ಅರ್ತ್ ಧಾತುಗಳು: ಲ್ಯಾಂಥನಂ, ಸೀರಿಯಂ, ಯುರೋಪಿಯಂ ಮುಂತಾದ, ಗುಣದಲ್ಲಿ ಒಂದನ್ನೊಂದು ಹೋಲುವ ಲೋಹಗಳ ಸಾಲು.

ಸುಮಾರು 2 ಕೆಜಿ ಗಟ್ಟಿ ಕಲ್ಲು ತೆಗೆಯಿರಿ. ಕಾಡಂಚಿನಲ್ಲಾದರೆ ಅನುಮತಿ ಇಲ್ಲದೆ ಸುತ್ತಿಗೆ ಎತ್ತಬೇಡಿ. ತುಕ್ಕು ಬಣ್ಣದ ಹೊರಮೈಯನ್ನೂ ಆಮೇಲೆ ನುಗ್ಗಿದ ಬೆಣಚು ಎಳೆಗಳನ್ನೂ ಕೊಯ್ದು ತೆಗೆಯಿರಿ. 0.03 ಮಿ.ಮೀ. ದಪ್ಪದ ಥಿನ್ ಸೆಕ್ಷನ್ (ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಚೂರು) ಸೂಕ್ಷ್ಮದರ್ಶಕದಲ್ಲಿ ಮೊದಲು ನೋಡಿ. ಪುಡಿ ಮಾಡಲು ಅಗೇಟ್ ಬಟ್ಟಲೇ ಬೇಕು. ಟಂಗ್‌ಸ್ಟನ್ ಕಾರ್ಬೈಡ್ ಬಟ್ಟಲಿನಿಂದ ಟಂಗ್‌ಸ್ಟನ್, ಕೋಬಾಲ್ಟ್ ಪುಡಿಗೆ ಸೇರುತ್ತವೆ.

ಪುಡಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಫಲಿತಾಂಶ ಬಂದಾಗ ನಾನು ಮೊದಲು ನೋಡುವುದು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್). 1 ಪರ್ಸೆಂಟ್ ದಾಟಿದ್ದರೆ, ಜತೆಗೆ ಟೈಟಾನಿಯಂ, ಜಿರ್ಕೋನಿಯಂ ಕೂಡ ಏರಿದ್ದರೆ ನೆಲದ ಮಣ್ಣು ಬೆರೆತಿದೆ. ಆ ಮಾದರಿ ಕಡಲ ನೀರಿನ ಬಗ್ಗೆ ಏನೂ ಹೇಳಲಾರದು, ಪಕ್ಕಕ್ಕಿಡಿ. ಯಿಟ್ರಿಯಂ–ಹೋಲ್ಮಿಯಂ ಅನುಪಾತವೂ ಇದನ್ನೇ ಹೇಳುತ್ತದೆ: ಮಣ್ಣಿನಲ್ಲಿ 27ರ ಆಸುಪಾಸು, ಕಡಲ ನೀರಿನಲ್ಲಿ 40ಕ್ಕಿಂತ ಮೇಲೆ.

ಉಳಿದ ಮಾದರಿಗಳ ರೇರ್ ಅರ್ತ್ ಅಂಕಿಗಳನ್ನು ಶೇಲ್ (ಕೆಸರು ಗಟ್ಟಿಯಾದ ಕಲ್ಲು) ಸರಾಸರಿಯಿಂದ ಭಾಗಿಸಿ, ಧಾತುಗಳನ್ನು ಸಾಲಾಗಿಟ್ಟು ಗೆರೆ ಎಳೆಯಿರಿ. ಯುರೋಪಿಯಂ ಹತ್ತಿರ ಗೆರೆ ಏರಿದ್ದರೆ, ಕಡಲ ತಳದ ಬಿಸಿನೀರಿನ ಬುಗ್ಗೆಗಳ ಪಾಲು ನೀರಿನಲ್ಲಿತ್ತು ಎಂದರ್ಥ. 250 ಡಿಗ್ರಿ ಮೀರಿದ ನೀರಿನಲ್ಲಿ ಯುರೋಪಿಯಂ ಸುಲಭವಾಗಿ ಕರಗುತ್ತದೆ. ಆದರೆ ಬೇರಿಯಂ ಜಾಸ್ತಿ ಇದ್ದರೆ ಎಚ್ಚರ: ಧಾತುಗಳನ್ನು ದ್ರವ್ಯರಾಶಿಯಿಂದ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಬೇರಿಯಂ ಆಕ್ಸೈಡ್ 151 ಮತ್ತು 153ರ ದ್ರವ್ಯರಾಶಿಯಲ್ಲಿ ಕಾಣಿಸಿಕೊಂಡು ಯುರೋಪಿಯಂ ವೇಷ ಹಾಕುತ್ತದೆ. ತಿದ್ದುಪಡಿ ಮಾಡಿದ್ದಾರೋ ಇಲ್ಲವೋ ಪ್ರಯೋಗಾಲಯದವರನ್ನು ಕೇಳಿ.

ಹೆಚ್ಚಿನವರು ಎಡವುವುದು ಸೀರಿಯಂನಲ್ಲಿ. ನೀರಿನಲ್ಲಿ ಆಮ್ಲಜನಕ ಇದ್ದರೆ ಸೀರಿಯಂ ಉತ್ಕರ್ಷಣಗೊಂಡು ಮ್ಯಾಂಗನೀಸ್ ಆಕ್ಸೈಡ್‌ಗೆ ಅಂಟಿ ಹೊರಬೀಳುತ್ತದೆ, ಗೆರೆ ಅಲ್ಲಿ ಕುಸಿಯುತ್ತದೆ. ಗಾಳಿಯಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ, ಅಂದರೆ ಸರಗೂರಿನ ಕಲ್ಲಿನಲ್ಲಿ ಈ ಕುಸಿತ ಕಂಡರೆ ಅದು ದೊಡ್ಡ ಮಾತು. ಹಾಗಾಗಿ ಎರಡೆರಡು ಸಲ ಪರೀಕ್ಷಿಸಬೇಕು. ಪಕ್ಕದ ಲ್ಯಾಂಥನಂ ಏರಿದ್ದರೂ ಸೀರಿಯಂ ಕುಸಿದಂತೆ ಕಾಣುತ್ತದೆ. ಅದಕ್ಕೇ ಸೀರಿಯಂ ಆಚೆಯ ಪ್ರಸಿಯೋಡಿಮಿಯಂ ಅನ್ನು ಅದರ ಎರಡು ಪಕ್ಕದ ಸೀರಿಯಂ–ನಿಯೋಡಿಮಿಯಂ ಸರಾಸರಿಗೆ ಹೋಲಿಸುವುದು (ಎಲ್ಲವೂ ಶೇಲ್‌ನಿಂದ ಭಾಗಿಸಿದ ಅಂಕಿಗಳು): ಅನುಪಾತ 1.05 ದಾಟಿದರೆ ಮಾತ್ರ ಕುಸಿತ ನಿಜ.

ನಿಜವಾದರೂ ಅದು ಕಡಲಿನದೇ ಆಗಬೇಕಿಲ್ಲ. ಕೊಯ್ದು ತೆಗೆದ ಹೊರಮೈಯನ್ನು ಎಸೆಯದೆ ಅದನ್ನೂ ಒಳತಿರುಳನ್ನೂ ಬೇರೆಬೇರೆ ಅಳೆಸಿ. ಕುಸಿತ ಹೊರಮೈಯಲ್ಲಿ ಮಾತ್ರ ಇದ್ದರೆ ಅದು ಇತ್ತೀಚಿನ ಮಳೆನೀರು ಮಾಡಿದ ಕೆಲಸ.