ಕಿಲ್ಟ್ ಸರಿಯಾಗಿ ಕೂರಬೇಕಾದರೆ

ಸ್ಕಾಟ್‌ಲ್ಯಾಂಡಿನಲ್ಲಿ ಓದಿದ ನನ್ನ ಅಣ್ಣನ ಮಗ ಮದುವೆ ರಿಸೆಪ್ಶನ್‌ಗೆ ಕಿಲ್ಟ್, ಅಂದರೆ ಅಲ್ಲಿನ ಗಂಡಸರು ಉಡುವ ನೆರಿಗೆಯ ಚೌಕಳಿ ಲಂಗ, ಉಟ್ಟುಕೊಳ್ಳುತ್ತಾನಂತೆ, ಅದನ್ನು ಸರಿ ಮಾಡಿಕೊಡುವ ಕೆಲಸ ನನ್ನದು.

ನಮ್ಮ ಮಂಗಳೂರಿನ ಹುಡುಗರಿಗೆ ಪ್ಯಾಂಟ್ ನಿಲ್ಲುವ ಜಾಗದಲ್ಲೇ ಎಲ್ಲವನ್ನೂ ಕಟ್ಟುವ ಅಭ್ಯಾಸ. ಕಿಲ್ಟ್ ಹೊಕ್ಕುಳ ಮಟ್ಟದಲ್ಲಿ ನಿಲ್ಲಬೇಕು, ಅಂಚು ಮೊಣಕಾಲ ಚಿಪ್ಪಿನ ಹತ್ತಿರ ಬರಬೇಕು. ಉದ್ದ ಜಾಸ್ತಿ ಅಂತ ಕತ್ತರಿ ಹಿಡಿಯುವ ಮೊದಲು ಮೇಲೆತ್ತಿ ಕಟ್ಟಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು.

ಹಿಂದಿನ ನೆರಿಗೆಗಳು ಬಾಯಿ ಬಿಟ್ಟುಕೊಂಡಿದ್ದರೆ ಹಿಂಭಾಗದಲ್ಲಿ ಬಿಗಿಯಾಗಿದೆ ಎಂದರ್ಥ. ಕೆಳಗಿನ ಬಕಲ್ ಸಡಿಲಿಸಿ. ಸೊಂಟ ಸಡಿಲವಾದರೆ ಬಕಲ್ ಬಿಚ್ಚಿ, ಸರಿಸಿ ಹೊಲಿಯಿರಿ. ನೆರಿಗೆಯ ಹೊಲಿಗೆಯನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ! ಸುಮಾರು 8 ಗಜ ಉಣ್ಣೆ ಬಟ್ಟೆಯನ್ನು ಚೌಕಳಿ ಕೂಡುವ ಹಾಗೆ ಮಡಚಿ, ಸೊಂಟದ ಕಡೆಗೆ ಕಿರಿದಾಗಿಸುತ್ತಾ ಕೈಯಲ್ಲೇ ಹೊಲಿದಿರುತ್ತಾರೆ, ಎಂಥ ಚಂದದ ಕೆಲಸ ಅಲ್ವಾ?

ನಮ್ಮ ಮಳೆಗಾಲದ ತೇವಕ್ಕೆ ನೆರಿಗೆ ಮೆತ್ತಗಾಗುತ್ತದೆ. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಒತ್ತಿ, ಎಳೆಯಬಾರದು. ಪೂರ್ತಿ ಒಣಗಿದ ಮೇಲೆ ದಾರ ಬಿಚ್ಚಿ.

ಮತ್ತೆ, ಕಿಲ್ಟಿಗೆ ಅಲಂಕಾರಕ್ಕೆ ಹಾಕುವ ಪಿನ್ನನ್ನು, ಮುಂದೆ ಒಂದರ ಮೇಲೊಂದು ಬರುವ ಎರಡು ಪದರಗಳಲ್ಲಿ ಮೇಲಿನದಕ್ಕೆ ಮಾತ್ರ ಚುಚ್ಚಿ. ಎರಡೂ ಪದರ ಸೇರಿಸಿದರೆ ನಡೆಯುವಾಗ ಬಟ್ಟೆ ಎಳೆದು ಹರಿಯುತ್ತದೆ.