ಏಳು ಸೆಕೆಂಡ್

ಶನಿವಾರ ರಾತ್ರಿಯಿಂದ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. "ನೀನು ಏಳು ಸೆಕೆಂಡ್ ತಗೊಂಡೆ. ಸೆಟ್ ಅಲ್ವಾ?" ಚಾಟ್‌ನಲ್ಲಿ ನನ್ನೆದುರು ಪೋಕರ್ ಆಡುತ್ತಿದ್ದ ಗೆಳೆಯ ಟೈಪ್ ಮಾಡಿದ್ದು ಇಷ್ಟೇ. ಮಾಡಿ, ತನ್ನ ಎಕ್ಕ-ರಾಣಿ ತೋರಿಸಿ, ಎಲೆ ಬಿಟ್ಟ. ಅಂದರೆ ಆ ಕೈ ನನಗೇ ಬಿಟ್ಟುಕೊಟ್ಟ.

ಮೇಜಿನ ಮೇಲೆ ಎಲ್ಲರಿಗೂ ಸೇರಿ ಬೀಳುವ ಮೊದಲ ಮೂರು ಎಲೆ, ಅಂದರೆ ಫ್ಲಾಪ್, ರಾಣಿ, ಎಂಟು, ಮೂರು. ನನ್ನ ಕೈಯಲ್ಲಿ ಜೋಡಿ ಎಂಟು. ಮೇಜಿನದೂ ಸೇರಿ ಮೂರು ಎಂಟು, ಅದೇ ಸೆಟ್. ಕೈಗೆ ಜೋಡಿ ಬಂದರೂ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ನೂರಕ್ಕೆ ಹನ್ನೆರಡು ಸಲ ಮಾತ್ರ. ರಾಣಿಯ ಜೋಡಿ ಸಿಕ್ಕವನು, ಅದೂ ಪಕ್ಕದಲ್ಲಿ ಎಕ್ಕ ಇಟ್ಟುಕೊಂಡವನು, ಅಲ್ಲಿ ಎಲೆ ಬಿಡುವುದಿಲ್ಲ. ಅವನು ಬಿಟ್ಟ. ನಾನು ಒಂದು ಮಾತೂ ಆಡಿರಲಿಲ್ಲ. ಕ್ಯಾಮೆರಾ ಕೂಡ ಆಫ್ ಇತ್ತು.

ನಾವು ಐದು ಜನ. ಇಬ್ಬರು ಬೆಂಗಳೂರು, ಒಬ್ಬ ಹುಬ್ಬಳ್ಳಿ, ಒಬ್ಬ ಪುಣೆ, ಇವನು ಮಸ್ಕತ್. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ದುಡ್ಡಿನ ಆಟಗಳನ್ನು ನಿಷೇಧಿಸಿತಲ್ಲ, ಅದಕ್ಕೂ ಮೊದಲಿಂದಲೇ ನಾವು ಆಡುವುದು ಬರೀ ಪುಕ್ಕಟೆ ಚಿಪ್ಸ್‌ನಲ್ಲಿ. ದುಡ್ಡಿನ ಮೇಜಿಗೆ ನಾನು ಒಂದೇ ಸಲ ಹೋಗಿದ್ದೆ. ಅಲ್ಲಿ ಕೆಲವರು ಸಾಫ್ಟ್‌ವೇರ್ ಇಟ್ಟುಕೊಂಡು, ಎದುರಿನವನು ನೂರರಲ್ಲಿ ಎಷ್ಟು ಕೈ ಆಡುತ್ತಾನೆ, ಎಷ್ಟು ಸಲ ರೈಸ್ ಮಾಡುತ್ತಾನೆ, ಅಂದರೆ ಪಣ ಏರಿಸುತ್ತಾನೆ ಅಂತ ಲೆಕ್ಕ ಹಾಕುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಬೇಟೆಗೆ ಗುರುತು ಹಾಕಿದ ಹಾಗೆ. ಮತ್ತೆ ಆ ಕಡೆ ಹೋಗಲಿಲ್ಲ.

ಆನ್‌ಲೈನ್‌ನಲ್ಲಿ ಮುಖ ಇಲ್ಲ, ನಡುಗುವ ಬೆರಳಿಲ್ಲ. ಓದಲು ಸಿಗುವುದು ಎರಡೇ. ಎಷ್ಟು ಇಟ್ಟ, ಎಷ್ಟು ಹೊತ್ತು ತಗೊಂಡ. ಪಟ್ ಅಂತ ಕಾಲ್ ಮಾಡಿದರೆ, ಅಂದರೆ ಎದುರಿನವನು ಇಟ್ಟಷ್ಟೇ ಇಟ್ಟರೆ, ಹೆಚ್ಚಾಗಿ ಸಾಧಾರಣ ಕೈ, ಇಲ್ಲ ಇನ್ನೊಂದು ಎಲೆಗಾಗಿ ಕಾಯುತ್ತಿರುವ ಕೈ. ರೈಸ್ ಮಾಡಲೋ ಬೇಡವೋ ಅನ್ನೋ ಯೋಚನೆಯೇ ಅವನಿಗೆ ಬಂದಿಲ್ಲ ಅಂತ ಅರ್ಥ. ತುಂಬಾ ಹೊತ್ತು ಕಾದು ಆಮೇಲೆ ದೊಡ್ಡದಾಗಿ ರೈಸ್ ಮಾಡಿದರೆ ಹುಷಾರಾಗಿರಬೇಕು. ಆದರೆ ಒಂದು ಸಲದ ತಡ ಏನನ್ನೂ ಹೇಳುವುದಿಲ್ಲ. ನೆಟ್‌ವರ್ಕ್ ಹೋಗಿರಬಹುದು, ಬಾಗಿಲು ಬಡಿದಿರಬಹುದು. ಆ ಮನುಷ್ಯನ ಮಾಮೂಲಿ ವೇಗ ಯಾವುದು ಅಂತ ಮೊದಲು ಗೊತ್ತಿರಬೇಕು.

ಇದೆಲ್ಲ ನನಗೆ ಗೊತ್ತು. ಹುಬ್ಬಳ್ಳಿಯವನ ಮೇಲೆ ಇದನ್ನೇ ಪ್ರಯೋಗ ಮಾಡುತ್ತೇನೆ. ಅವನು ಮೂರನೇ ಕೈಗೇ ಆಲ್-ಇನ್ ಅಂತ ಇದ್ದಬದ್ದ ಚಿಪ್ಸ್ ಎಲ್ಲ ಇಡುವವನು, ಗೆದ್ದರೆ ವಾರವಿಡೀ ಹೇಳುವವನು. ಅವನ ಆಟ ನನಗೆ ಸೇರುವುದಿಲ್ಲ. ಮಸ್ಕತ್‌ನವನನ್ನು ಮಾತ್ರ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಮಾತು ಕಡಿಮೆ, ಆಟ ಸಪ್ಪೆ ಅಂದುಕೊಂಡಿದ್ದೆ. ಆಟ ಮುಗಿದ ಮೇಲೆ ಫೋನ್ ಮಾಡಿ ಕೇಳಿದೆ. "ನೀನು ಸುಮ್ನೆ ಆಡುವಾಗ ಎರಡು-ಮೂರು ಸೆಕೆಂಡ್. ಒಳ್ಳೆ ಕೈ ಬಂದಾಗ ಏಳು. ಮೂರು ವರ್ಷದಿಂದ ನೋಡ್ತಾ ಇದೀನಿ" ಅಂದ. ಹೆಮ್ಮೆ ಇರಲಿಲ್ಲ ಆ ದನಿಯಲ್ಲಿ. ಮಳೆ ಬರ್ತಿದೆ ಅನ್ನೋ ಹಾಗೆ ಹೇಳಿದ.

ಮೂರು ವರ್ಷದಿಂದ ಒಬ್ಬ ಸಮುದ್ರದಾಚೆ ಕೂತು ನನ್ನ ಮೌನವನ್ನು ಓದಿದ್ದಾನೆ. ಪಕ್ಕದ ಕುರ್ಚಿಯ ಸಹೋದ್ಯೋಗಿಗೆ ನಾನು ಬೇಜಾರಲ್ಲಿದ್ದೇನೆ ಅಂತ ಒಂದು ದಿನವೂ ಗೊತ್ತಾಗಿಲ್ಲ. ದುಡ್ಡಿನ ಮೇಜಿನಲ್ಲೂ ನನ್ನನ್ನು ಓದಿದ್ದರು, ಇವನೂ ಓದಿದ. ಎರಡೂ ಒಂದೇ ಅಂತ ನನಗೆ ಅನ್ನಿಸಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸಾಗರದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. "ಹೇಗಿದೀಯಾ?" "ಚೆನ್ನಾಗಿದೀನಿ." ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ. "ಮಾತ್ರೆ?" "ತಗೊಂಡೆ." ಬೇರೆ ದಿನ ಆಗಿದ್ದರೆ ನಾನು ಫೋನ್ ಇಟ್ಟಿರುತ್ತಿದ್ದೆ. ಅವತ್ತು ಕಿವಿಗೆ ಏನೋ ಚುಚ್ಚಿತು. ಅಮ್ಮನ ಮಾಮೂಲಿ ವೇಗ ಇದಲ್ಲ. ಅವಳು "ಚೆನ್ನಾಗಿದೀನಿ" ಅನ್ನುವುದಕ್ಕೆ ಮೊದಲು ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಬರಬೇಕು, ಪಕ್ಕದ ಮನೆ ಆಕಳು ಕರು ಹಾಕಿದ್ದು ಬರಬೇಕು. ಇದು ಮೊದಲೇ ತಯಾರು ಮಾಡಿಟ್ಟುಕೊಂಡ ಉತ್ತರ.

"ಅಮ್ಮಾ, ಏನಾಯ್ತು?" ಅಂತ ಕೇಳಿ ಸುಮ್ಮನಾದೆ. ಮಧ್ಯೆ ಮಾತಾಡಲಿಲ್ಲ. ಆ ಕಡೆ ಕುಕ್ಕರ್ ಒಂದು ಸೀಟಿ ಹಾಕಿತು. ಆಮೇಲೆ ಹೇಳಿದಳು. ಗುರುವಾರ ಬಚ್ಚಲಲ್ಲಿ ಜಾರಿದ್ದಳು. ಮಂಡಿ ಊದಿಕೊಂಡಿದೆ, ಮೆಟ್ಟಿಲು ಹತ್ತಲು ಆಗುತ್ತಿಲ್ಲ. "ನಿಂಗ್ಯಾಕೆ ಸುಮ್ನೆ ಟೆನ್ಷನ್ ಅಂತ ಹೇಳಲಿಲ್ಲ ಮಾರಾಯಾ."

ಇದಕ್ಕೂ ಮೊದಲು ಎಷ್ಟು "ಚೆನ್ನಾಗಿದೀನಿ"ಗಳನ್ನು ನಾನು ಹಾಗೇ ಬಿಟ್ಟಿದ್ದೇನೋ. ಅಪ್ಪ ತೀರಿಕೊಂಡ ವರ್ಷದವು ಒಂದೊಂದಾಗಿ ನೆನಪಾಗುತ್ತಿವೆ. ಆಗಲೂ ಉತ್ತರ ಹೀಗೇ ಚಿಕ್ಕದಾಗಿ, ಬೇಗ ಬರುತ್ತಿತ್ತು.

ಶುಕ್ರವಾರ ರಾತ್ರಿ ಬಸ್ಸಿಗೆ ಹೊರಟಿದ್ದೇನೆ. "ಈ ಶನಿವಾರ ನಾನು ಆಟಕ್ಕಿಲ್ಲ" ಅಂತ ಗುಂಪಿಗೆ ಒಂದೇ ಸಾಲು ಹಾಕಿದೆ, ಕಾರಣ ಬರೆಯಲಿಲ್ಲ. ಮೂವರು ಹೆಬ್ಬೆರಳು ಎತ್ತಿದರು. ಮಸ್ಕತ್‌ನವನು ಗುಂಪಿನಲ್ಲಿ ಏನೂ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ನನಗೊಬ್ಬನಿಗೇ ಮೆಸೇಜ್ ಬಂತು: "ಅಮ್ಮ ಹೇಗಿದಾರೆ?"